ಅರ್ಧ ತುಂಬಿದ ಅರ್ಜಿ ತಾನಾಗಿಯೇ ಸೇವ್ ಆಗಬೇಕು, ಸರಿ. ಆದರೆ ಯಾರ ಹೆಸರಿನಲ್ಲಿ?

ರಾಜಾಜಿನಗರ_ರೀಲೋಡ್ | ಸೋಮವಾರ, ರಾತ್ರಿ 10.20

ನಮ್ಮದು ರಾಜಾಜಿನಗರದಲ್ಲಿ ಒಂದು ಚಿಕ್ಕ ಆಫೀಸು. ಏಳು ಜನ ಇದ್ದೇವೆ. ಒಂದು ಸಂಸ್ಥೆಗೆ ವಿದ್ಯಾರ್ಥಿವೇತನದ ಆನ್‌ಲೈನ್ ಅರ್ಜಿ ಮಾಡಿಕೊಟ್ಟಿದ್ದೇವೆ. ಐದು ಪುಟ, ಸುಮಾರು ನಲವತ್ತು ಕಾಲಂ. ಅದರಲ್ಲಿ ಎರಡು ದೊಡ್ಡ ಬಾಕ್ಸ್ ಇವೆ. ಮನೆಯ ಪರಿಸ್ಥಿತಿ ಬರೆಯಿರಿ ಅಂತ ಒಂದು, ಮುಂದೆ ಏನು ಓದಬೇಕು ಅಂತಿದ್ದೀರಿ ಅಂತ ಇನ್ನೊಂದು. ಹೆಚ್ಚಿನವರು ಕನ್ನಡದಲ್ಲೇ ಬರೆಯುತ್ತಾರೆ.

ಹೋದ ತಿಂಗಳು ನಮ್ಮ ಪಕ್ಕದ ಮನೆ ಹುಡುಗಿ ಇದೇ ಅರ್ಜಿ ತುಂಬುತ್ತಿದ್ದಳು. ನಾನೂ ಜತೆಗೆ ಕೂತಿದ್ದೆ, ಸ್ವಲ್ಪ ಜಂಬದಿಂದಲೇ. ಫೋನಿನಲ್ಲಿ ಅರ್ಧ ಗಂಟೆ ಕುಟ್ಟಿದಳು. ಅಪ್ಪನ ಕೆಲಸ, ಮನೆ ಬಾಡಿಗೆ, ತಮ್ಮನ ಫೀಸು, ಎಲ್ಲ ಬರೆದಳು. ನಾಲ್ಕನೇ ಪುಟದಲ್ಲಿ ಓಟಿಪಿ ಕೇಳಿತು. ಮೆಸೇಜ್ ನೋಡಿಕೊಂಡು ವಾಪಸ್ ಬಂದರೆ ಪುಟ ಮತ್ತೆ ಲೋಡ್ ಆಗುತ್ತಿದೆ. ಮೊದಲನೇ ಪುಟ. ಖಾಲಿ. ಅವಳು ಬೈಯಲಿಲ್ಲ. "ಅಣ್ಣಾ, ಮತ್ತೆ ಮೊದಲಿಂದ ಬರೀಬೇಕಾ?" ಅಂದಳು ಅಷ್ಟೇ. ಬೈದಿದ್ದರೇ ವಾಸಿ ಇತ್ತು.

ಅವತ್ತು ರಾತ್ರಿಯೇ ಆಟೋಸೇವ್ ಹಾಕಿದೆ. ಇಪ್ಪತ್ತು ಸಾಲಿನ ಕೋಡ್. ಯಾವ ಕಾಲಂ ಬದಲಾದರೂ ಇಡೀ ಫಾರ್ಮ್ ಅನ್ನು ಜೇಸನ್ (ಒಂದೇ ಪಠ್ಯದ ಕಟ್ಟು) ಮಾಡಿ ಲೋಕಲ್‌ಸ್ಟೋರೇಜ್‌ನಲ್ಲಿ, ಅಂದರೆ ಬ್ರೌಸರ್ ಒಳಗಿನ ಜಾಗದಲ್ಲಿ, 'ಡ್ರಾಫ್ಟ್' ಅಂತ ಇಡುವುದು, ಪುಟ ತೆರೆದಾಗ ಅದನ್ನೇ ತುಂಬುವುದು. ಎರಡು ವಾರ ಎಲ್ಲ ಸರಿ ಇತ್ತು.

ಮೊನ್ನೆ ಒಂದು ಅರ್ಜಿ ಬಂದಿದೆ. ಹುಡುಗನ ಹೆಸರು ಒಂದು, ತಂದೆಯ ಹೆಸರು ಇನ್ಯಾರದೋ. ಮನೆ ಪರಿಸ್ಥಿತಿಯ ಬಾಕ್ಸ್‌ನಲ್ಲಿ ಬೇರೆ ಯಾವುದೋ ಹುಡುಗಿ ಬರೆದುಕೊಂಡ ಅವಳ ಮನೆಯ ಕಷ್ಟ. ವಿಚಾರಿಸಿದರೆ, ಅವಳು ವಿಜಯನಗರದ ಒಂದು ಸೈಬರ್ ಸೆಂಟರ್‌ನಲ್ಲಿ ಅರ್ಧಕ್ಕೆ ಎದ್ದು ಹೋಗಿದ್ದಾಳೆ, ಅದೇ ಸಿಸ್ಟಮ್‌ನಲ್ಲಿ ಇವನು ಕೂತಿದ್ದಾನೆ. ಪಾಸ್‌ಬುಕ್ ಹೆಸರು ಹೊಂದಲಿಲ್ಲ, ಹಾಗಾಗಿ ಸಿಕ್ಕಿತು. ಹೊಂದಿದ್ದರೆ?

ಎಲ್ಲಿ ಸೇವ್ ಮಾಡಲಿ, ಯಾವಾಗ ಮಾಡಲಿ, ಯಾವಾಗ ಅಳಿಸಲಿ? ಕೋಡ್ ಬೇಡ, ಯೋಚನೆ ಹೇಳಿ.


ಫಿಲ್ಟರ್‌ಕಾಫಿ_ಫ್ರಂಟೆಂಡ್ | ಸೋಮವಾರ, ರಾತ್ರಿ 11.05

'ಡ್ರಾಫ್ಟ್' ಅಂತ ಒಂದೇ ಕೀ (ಇಟ್ಟದ್ದನ್ನು ಹುಡುಕುವ ಹೆಸರು) ಇಟ್ಟಿದ್ದೀರಲ್ಲ, ಎಡವಿದ್ದು ಅಲ್ಲೇ. ಲೋಕಲ್‌ಸ್ಟೋರೇಜ್‌ಗೆ ಮನುಷ್ಯ ಯಾರು ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎರಡೇ, ಯಾವ ಬ್ರೌಸರ್ ಮತ್ತು ಯಾವ ಸೈಟ್. ಅವಧಿಯೂ ಇಲ್ಲ, ಯಾರಾದರೂ ಅಳಿಸುವವರೆಗೆ ಅಲ್ಲೇ ಬಿದ್ದಿರುತ್ತದೆ. ಮದುವೆ ಮನೆಯ ಲೋಟ ಇದ್ದ ಹಾಗೆ, ಯಾರು ಕುಡಿದು ಇಟ್ಟರೋ ಅಂತ ನೋಡದೆ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ.

ಕೀಯಲ್ಲಿ ಬಳಕೆದಾರರ ಐಡಿ, ಅರ್ಜಿಯ ಐಡಿ, ಫಾರ್ಮ್‌ನ ವರ್ಷನ್ ನಂಬರ್ ಮೂರೂ ಇರಲಿ. ವರ್ಷನ್ ಯಾಕೆ ಅಂದರೆ, ನಾಳೆ ನೀವು 'ವಾರ್ಷಿಕ ಆದಾಯ' ಕಾಲಂ ಅನ್ನು ಎರಡು ಮಾಡುತ್ತೀರಿ. ಹಳೇ ಡ್ರಾಫ್ಟ್ ಹೊಸ ಫಾರ್ಮ್‌ಗೆ ಬಂದು ತಪ್ಪು ಜಾಗದಲ್ಲಿ ಕೂರುತ್ತದೆ.

ಲಾಗಿನ್ ಇಲ್ಲದ ಫಾರ್ಮ್ ಆದರೆ ಸೆಷನ್‌ಸ್ಟೋರೇಜ್ ನೋಡಿ. ಒಂದು ಟ್ಯಾಬ್‌ನದು ಇನ್ನೊಂದಕ್ಕೆ ಕಾಣುವುದಿಲ್ಲ. ರೀಲೋಡ್ ಆದರೂ ಉಳಿಯುತ್ತದೆ, ಟ್ಯಾಬ್ ಮುಚ್ಚಿದರೆ ಹೋಗುತ್ತದೆ. ಆದರೆ 'ಮುಚ್ಚಿದ ಟ್ಯಾಬ್ ಮತ್ತೆ ತೆರೆ' ಅಂತ ಒತ್ತಿದರೆ ಅದನ್ನೂ ವಾಪಸ್ ತರುವ ಬ್ರೌಸರ್‌ಗಳಿವೆ. ಪೂರ್ತಿ ನಂಬಬೇಡಿ.

ಪಾಸ್‌ಬುಕ್ ಫೋಟೋವನ್ನು ಇದರಲ್ಲಿ ತುರುಕಲು ಹೋಗಬೇಡಿ. ಲೋಕಲ್‌ಸ್ಟೋರೇಜ್ ಮಿತಿ ಒಂದು ಸೈಟ್‌ಗೆ ಸುಮಾರು 5 ಎಂಬಿ, ಅದೂ ಬರೀ ಪಠ್ಯ. ಫೋಟೋವನ್ನು ಬೇಸ್64 (ಪಠ್ಯ ರೂಪ) ಮಾಡಿದರೆ ಗಾತ್ರ ಮೂರನೇ ಒಂದು ಭಾಗದಷ್ಟು ಉಬ್ಬುತ್ತದೆ. ಬರೆಯುವಷ್ಟು ಹೊತ್ತು ಪುಟವೇ ನಿಂತುಬಿಡುತ್ತದೆ. ಫೈಲ್ ಇಡಲೇಬೇಕು ಅಂದರೆ ಇಂಡೆಕ್ಸ್‌ಡ್‌ಡಿಬಿ ಅಂತ ಬ್ರೌಸರ್‌ನಲ್ಲೇ ದೊಡ್ಡ ಉಗ್ರಾಣ ಇದೆ. ಇನ್ನೂ ಒಳ್ಳೆಯದು, ಫೈಲ್ ಆರಿಸಿದ ಕೂಡಲೇ ಸರ್ವರ್‌ಗೆ ಏರಿಸಿಬಿಡಿ, ಡ್ರಾಫ್ಟ್‌ನಲ್ಲಿ ಅದರ ಐಡಿ ಮಾತ್ರ ಇರಲಿ.


ಸುಮ್ನೆ_ಕೇಳ್ದೆ | ಸೋಮವಾರ, ರಾತ್ರಿ 11.30

ದಡ್ಡ ಪ್ರಶ್ನೆ ಇರಬಹುದು. ಬ್ಯಾಕ್ ಹೋಗಿ ಬಂದರೆ ಬ್ರೌಸರ್ ತಾನೇ ತುಂಬಿಕೊಡುತ್ತದೆ ಅಲ್ವಾ? ಇಲ್ಲದಿದ್ದರೆ ಒಂದು 'ಸೇವ್' ಬಟನ್ ಇಟ್ಟರೆ ಸಾಕಲ್ವಾ? ಇಷ್ಟೆಲ್ಲ ಯಾಕೆ?


ಹಳೇ_ಸರ್ವರ್ | ಮಂಗಳವಾರ, ಬೆಳಿಗ್ಗೆ 7.15

ಬ್ರೌಸರ್ ಕೆಲವೊಮ್ಮೆ ತುಂಬುತ್ತದೆ. ಪುಟದ ನಕಲು ಇಟ್ಟುಕೊಳ್ಳಬೇಡ (ಕ್ಯಾಶ್ ಮಾಡಬೇಡ) ಅಂತ ಸರ್ವರ್ ಹೇಳಿದ್ದರೆ, ಕಾಲಂಗಳನ್ನೆಲ್ಲ ಜಾವಾಸ್ಕ್ರಿಪ್ಟ್ ಆಮೇಲೆ ಕಟ್ಟುತ್ತಿದ್ದರೆ, ಗ್ಯಾರಂಟಿ ಇಲ್ಲ. ಇನ್ನು ಸೇವ್ ಬಟನ್. ಕರೆಂಟ್ ಹೋಗುವ ಮುಂಚೆ ಯಾರಿಗಾದರೂ ಗೊತ್ತಾಗುತ್ತದಾ?


ಸೈಬರ್_ಅಣ್ಣ | ಮಂಗಳವಾರ, ಬೆಳಿಗ್ಗೆ 11.40

ನಾನು ಕೋಡ್ ಬರೆಯುವವನಲ್ಲ. ಮಾಗಡಿ ರಸ್ತೆ ಕಡೆ ಹದಿನಾಲ್ಕು ವರ್ಷದಿಂದ ಸೈಬರ್ ಸೆಂಟರ್ ಇಟ್ಟಿದ್ದೇನೆ. ಝೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ. ಮಗ ಈ ಲಿಂಕ್ ಕಳಿಸಿ, "ಅಪ್ಪಾ, ನಿನ್ನ ಅಂಗಡಿ ಕಥೇನೇ ಬರೆದಿದ್ದಾರೆ ನೋಡು" ಅಂದ. ನನ್ನ ಅಂಗಡಿ ಅಲ್ಲ. ಆದರೆ ನಮ್ಮಲ್ಲೂ ಹೀಗೇ.

ನೀವೆಲ್ಲ 'ಬಳಕೆದಾರ' ಅನ್ನುತ್ತೀರಲ್ಲ, ನಮ್ಮಲ್ಲಿ ಆ ಬಳಕೆದಾರ ನಾನೇ. ನಾಲ್ಕು ಸಿಸ್ಟಮ್ ಇದೆ. ಸೀಸನ್‌ನಲ್ಲಿ ದಿನಕ್ಕೆ ಇಪ್ಪತ್ತು, ಮೂವತ್ತು ಅರ್ಜಿ. ಮಕ್ಕಳು ಪಕ್ಕದ ಸ್ಟೂಲ್ ಮೇಲೆ ಕೂತು ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಮಧ್ಯದಲ್ಲಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೇಳುತ್ತದೆ. ತಂದಿರುವುದಿಲ್ಲ. "ಮನೆಗೆ ಹೋಗಿ ತರ್ತೀನಿ ಅಂಕಲ್" ಅಂತ ಎದ್ದು ಹೋಗುತ್ತಾರೆ. ನಾನು ಆ ಟ್ಯಾಬ್ ಹಾಗೇ ಬಿಟ್ಟು ಮುಂದಿನವರಿಗೆ ಇನ್ನೊಂದು ತೆರೆಯುತ್ತೇನೆ. ಸಂಜೆ ಹೊತ್ತಿಗೆ ಹನ್ನೆರಡು ಟ್ಯಾಬ್. ಯಾವುದು ಯಾರದು ಅಂತ ಚೀಟಿ ಬರೆದು ಮಾನಿಟರ್‌ಗೆ ಅಂಟಿಸಿರುತ್ತೇನೆ. ಕರೆಂಟ್ ಹೋದರೆ ಯುಪಿಎಸ್ ಹತ್ತು ನಿಮಿಷ, ಆಮೇಲೆ ದೇವರೇ ಗತಿ. ಅದಕ್ಕೇ ದೊಡ್ಡ ಉತ್ತರ ಎಲ್ಲ ಮೊದಲು ನೋಟ್‌ಪ್ಯಾಡ್‌ನಲ್ಲಿ ಹೊಡೆದು ಆಮೇಲೆ ಪೇಸ್ಟ್ ಮಾಡುತ್ತೇನೆ.

ಇನ್ನೊಂದು ಮಾತು. "ಹಳೇ ಡ್ರಾಫ್ಟ್ ಇದೆ, ತರಬೇಕಾ?" ಅಂತ ಕೇಳಿದರೆ ಎಲ್ಲರೂ ಹೌದು ಅಂತಲೇ ಒತ್ತುತ್ತಾರೆ. ಯಾರೂ ಓದುವುದಿಲ್ಲ. ನಾನೂ ಓದುವುದಿಲ್ಲ. ಹಸಿರು ಬಟನ್ ಎಲ್ಲಿದೆ ನೋಡಿ ಒತ್ತುವುದು, ಅಷ್ಟೇ.


ರಾಜಾಜಿನಗರ_ರೀಲೋಡ್ | ಮಂಗಳವಾರ, ಮಧ್ಯಾಹ್ನ 1.10

ಅಣ್ಣಾ, ಇಷ್ಟು ದಿನ ಎಂಟು ಸಾವಿರ ಸಾಲು ಕೋಡ್ ಬರೆದ ಮೇಲೂ ನನಗೆ ಈ ಸ್ಟೂಲ್ ಕಂಡಿರಲಿಲ್ಲ.

ಹಾಗಾದರೆ ಸರ್ವರ್‌ನಲ್ಲೇ ಇಡಬೇಕು ಅನಿಸುತ್ತಿದೆ. ಆದರೆ ಪ್ರತಿ ಅಕ್ಷರಕ್ಕೂ ಸರ್ವರ್‌ಗೆ ಹೋದರೆ ಕೊನೇ ದಿನ ಸರ್ವರ್ ಮಲಗುತ್ತದೆ.


ಹಳೇ_ಸರ್ವರ್ | ಮಂಗಳವಾರ, ಮಧ್ಯಾಹ್ನ 2.30

ಪ್ರತಿ ಅಕ್ಷರಕ್ಕೆ ಯಾರು ಹೋಗು ಅಂದರು? ಬೆರಳು ನಿಂತ ಮೇಲೆ ಒಂದೆರಡು ಸೆಕೆಂಡ್ ಕಾಯಿರಿ, ಆಗ ಕಳಿಸಿ. ಕೆಲವರ ಬೆರಳು ನಿಲ್ಲುವುದೇ ಇಲ್ಲ, ಅಂಥವರಿಗೆ ಗರಿಷ್ಠ ಹದಿನೈದು ಇಪ್ಪತ್ತು ಸೆಕೆಂಡ್ ಅಂತ ಒಂದು ಕಟ್ಟು ಹಾಕಿ. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಾಗ ಕಾಯದೆ ಕಳಿಸಿ. ಹಿಂದೆ ಕಳಿಸಿದ್ದಕ್ಕೂ ಈಗಿನದಕ್ಕೂ ವ್ಯತ್ಯಾಸ ಇಲ್ಲದಿದ್ದರೆ ಕಳಿಸಲೇಬೇಡಿ.

ಬ್ಲಾಗ್, ವೆಬ್‌ಸೈಟ್ ಮಾಡುವ ವರ್ಡ್‌ಪ್ರೆಸ್ ನೋಡಿ. ಅದು ಸರ್ವರ್‌ಗೆ 60 ಸೆಕೆಂಡಿಗೊಮ್ಮೆ ಕಳಿಸುತ್ತದೆ, ಬ್ರೌಸರ್‌ನಲ್ಲಿ 15 ಸೆಕೆಂಡಿಗೊಮ್ಮೆ ಇಟ್ಟುಕೊಳ್ಳುತ್ತದೆ. ಬ್ರೌಸರ್‌ನಲ್ಲೂ ಇಡುವುದು 2013ರಲ್ಲಿ, ಅದರ 3.6 ವರ್ಷನ್ ಬಂದಾಗ ಸೇರಿದ್ದು. ಎರಡು ಪದರ, ಎರಡಕ್ಕೂ ಬೇರೆ ಬೇರೆ ವೇಗ. ಇದು ಹಳೇ ವಿದ್ಯೆ.

ನಿಮಗೆ ನಿಜವಾಗಿ ಕಾಡುವುದು ಲೋಡ್ ಅಲ್ಲ, ಸರದಿ. ನಾನು ದಿನಾ ಇಂದಿರಾನಗರದಿಂದ ಮೆಟ್ರೋದಲ್ಲಿ ಬರುತ್ತೇನೆ. ಎಂ.ಜಿ. ರೋಡ್ ದಾಟಿದ ಮೇಲೆ ಗಾಡಿ ನೆಲದೊಳಗೆ ಇಳಿಯುತ್ತದೆ, ಮೆಜೆಸ್ಟಿಕ್ ಆಚೆ ರೈಲ್ವೆ ಸ್ಟೇಷನ್ ಕಳೆದ ಮೇಲೆ ಮೇಲೆ ಬರುತ್ತದೆ. ಅಷ್ಟರಲ್ಲಿ ನನ್ನ ಫೋನಿನ ನೆಟ್ ನಾಲ್ಕು ಸಲ ಬಂದು ಹೋಗಿರುತ್ತದೆ. ಆಗ ಏಳನೇ ಸೇವ್ ಹೊರಟು ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಎಂಟನೆಯದು ಮೊದಲು ತಲುಪುತ್ತದೆ. ಆಮೇಲೆ ಏಳನೆಯದು ಏದುಸಿರು ಬಿಡುತ್ತಾ ಬಂದು ಎಂಟರ ಮೇಲೆ ಕೂರುತ್ತದೆ. ಹುಡುಗಿ ಬರೆದ ಕೊನೆಯ ಪ್ಯಾರಾ ಹೋಯಿತು. ಪರದೆ ಮೇಲೆ ಮಾತ್ರ 'ಸೇವ್ ಆಗಿದೆ' ಅಂತ ಇರುತ್ತದೆ.

ಮದ್ದು ಸುಲಭ. ಒಂದು ಹೋಗಿ ಉತ್ತರ ಬರುವವರೆಗೆ ಇನ್ನೊಂದನ್ನು ಬಿಡಬೇಡಿ. ಜತೆಗೆ ಪ್ರತಿ ಸೇವ್‌ಗೂ ವರ್ಷನ್ ನಂಬರ್ ಕೊಡಿ. ನನ್ನ ಹತ್ತಿರ ಇರುವುದು 8, ನೀನು 7 ತಂದಿದ್ದೀಯ ಅಂತ ಸರ್ವರ್ 409 (ಎರಡೂ ಹೊಂದುತ್ತಿಲ್ಲ ಅನ್ನುವ ಎರರ್ ನಂಬರ್) ಹೇಳಿ ವಾಪಸ್ ಕಳಿಸಲಿ. ಅಪ್ಪನ ಫೋನಿನಲ್ಲಿ ಅರ್ಧ, ಸೈಬರ್‌ನಲ್ಲಿ ಅರ್ಧ ತುಂಬುವವರಿಗೂ ಇದೇ ಕಾವಲು.


ಫಿಲ್ಟರ್‌ಕಾಫಿ_ಫ್ರಂಟೆಂಡ್ | ಮಂಗಳವಾರ, ಸಂಜೆ 6.50

ಪಕ್ಕದ ಮನೆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳ ಫೋನಿನಲ್ಲಿ ಆದದ್ದು ಇದು: ಮೆಸೇಜ್ ಆ್ಯಪ್‌ಗೆ ಹೋದಾಗ ಆಂಡ್ರಾಯ್ಡ್‌ಗೆ ಮೆಮೊರಿ ಸಾಲಲಿಲ್ಲ, ಹಿಂದೆ ಇದ್ದ ಟ್ಯಾಬ್ ಅನ್ನು ಕೊಂದುಹಾಕಿತು. ಕ್ಯಾಮೆರಾ ತೆರೆದಾಗಲೂ ಹೀಗೇ ಆಗುತ್ತದೆ. ಅಗ್ಗದ ಫೋನ್‌ಗಳಲ್ಲಿ ಇದು ದಿನದ ಮಾತು.

ಪುಟ ಮುಚ್ಚುವಾಗ ಸೇವ್ ಮಾಡೋಣ ಅಂತ ಅನ್‌ಲೋಡ್, ಬಿಫೋರ್‌ಅನ್‌ಲೋಡ್ ಅನ್ನೋ ಈವೆಂಟ್ (ಬ್ರೌಸರ್ ಕೊಡುವ ಸೂಚನೆ) ಹಿಡಿದು ಕೂತರೆ ಕೆಟ್ಟಿರಿ. ಟ್ಯಾಬ್ ಹೀಗೆ ಸತ್ತಾಗ ಅವು ಬರುವುದೇ ಇಲ್ಲ. ನೀವು ನಂಬಬಹುದಾದ ಕೊನೆಯ ಕ್ಷಣ ವಿಸಿಬಿಲಿಟಿಚೇಂಜ್, ಅಂದರೆ ಪುಟ ಕಣ್ಣಿಗೆ ಮರೆಯಾಗುವ ಹೊತ್ತು. ಅವಳು ಮೆಸೇಜ್ ಆ್ಯಪ್ ಒತ್ತಿದ ಕೂಡಲೇ ಅದು ಬರುತ್ತದೆ. ಆಗಲೇ ಕಳಿಸಬೇಕು. ಪುಟ ಹೋದರೂ ನಿಲ್ಲದಂತೆ ಕಳಿಸಲು ಸೆಂಡ್‌ಬೀಕನ್ ಇದೆ, ಅಥವಾ ಫೆಚ್‌ನಲ್ಲಿ ಕೀಪ್‌ಅಲೈವ್ ಇದೆ. ಸೆಂಡ್‌ಬೀಕನ್‌ಗೆ ನಮ್ಮದೇ ಹೆಡರ್ (ಜತೆಗೆ ಹೋಗುವ ತಲೆಚೀಟಿ) ಹಾಕಲು ಬರುವುದಿಲ್ಲ, ಸರ್ವರ್ ಏನಂದಿತು ಅಂತಲೂ ಗೊತ್ತಾಗುವುದಿಲ್ಲ. ನಿಮ್ಮ ಸಿಎಸ್‌ಆರ್‌ಎಫ್ ಟೋಕನ್ (ಅರ್ಜಿ ನಿಮ್ಮ ಪುಟದಿಂದಲೇ ಬಂತು ಅನ್ನುವ ಗುರುತು) ಹೆಡರ್‌ನಲ್ಲಿ ಹೋಗುತ್ತಿದ್ದರೆ ಕೀಪ್‌ಅಲೈವ್ ವಾಸಿ. ಅಂದಹಾಗೆ ಆ ಟೋಕನ್ ಅನ್ನು ಡ್ರಾಫ್ಟ್ ಜತೆ ಸೇವ್ ಮಾಡಬೇಡಿ. ಮಾರನೇ ದಿನ ಹಳೇ ಟೋಕನ್ ವಾಪಸ್ ಬಂದು ಸಲ್ಲಿಸುವಾಗ ಎರರ್ ಕೊಡುತ್ತದೆ. ನಾನು ಇದನ್ನು ಹುಡುಕಲು ಒಂದು ಭಾನುವಾರ ಕಳೆದಿದ್ದೇನೆ.

ಸೆಂಡ್‌ಬೀಕನ್, ಕೀಪ್‌ಅಲೈವ್ ಎರಡಕ್ಕೂ 64 ಕೆಬಿ ಮಿತಿ ಇದೆ ಅನ್ನೋದು ನೆನಪಿರಲಿ.


ಕೀಲಿಮಣೆ_ಕನ್ನಡತಿ | ಮಂಗಳವಾರ, ರಾತ್ರಿ 9.25

64 ಕೆಬಿ ಅಂದಾಗ ಇಂಗ್ಲಿಷಿನವರು ನಕ್ಕು ಮುಂದೆ ಹೋಗುತ್ತಾರೆ. ನಾವು ಹೋಗುವ ಹಾಗಿಲ್ಲ.

'ಸ್ತ್ರೀ' ಅನ್ನೋದು ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಆರು: ಸ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ), ತ, ವಿರಾಮ, ರ, ಈ ಕಾರ. ಅದನ್ನು ಕಂಪ್ಯೂಟರ್‌ನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟ್. ಅಲ್ಲಿಗೆ 18 ಬೈಟ್. ಫಾರ್ಮ್ ಅನ್ನು ಹಳೇ ಪದ್ಧತಿಯ ಯುಆರ್‌ಎಲ್ ಎನ್‌ಕೋಡಿಂಗ್‌ನಲ್ಲಿ ಕಳಿಸಿದರೆ ಪ್ರತಿ ಬೈಟ್ ಮೂರು ಚಿಹ್ನೆ ಆಗುತ್ತದೆ, ಒಟ್ಟು 54. ಒಂದು 'ಸ್ತ್ರೀ'ಗೆ! ಜೇಸನ್ ಆಗಿ ಕಳಿಸಿ, ಕನ್ನಡವನ್ನು ಹಾಗೇ ಬಿಡಿ. ಇನ್ನೊಂದು, ಬಾಕ್ಸ್‌ಗೆ 'ಗರಿಷ್ಠ 1000 ಅಕ್ಷರ' ಅಂತ ಹಾಕಿದ್ದೀರಾ? ಬ್ರೌಸರ್ 'ಸ್ತ್ರೀ'ಯನ್ನು ಆರು ಅಂತಲೇ ಎಣಿಸುತ್ತದೆ. ಕನ್ನಡದಲ್ಲಿ ಬರೆಯುವ ಮಗುವಿಗೆ ಜಾಗ ಬೇಗ ಮುಗಿಯುತ್ತದೆ.

ಈಗ ಆಟೋಸೇವ್‌ಗೆ ಬರೋಣ. ಕೀಡೌನ್ (ಕೀ ಒತ್ತಿದಾಗ ಬರುವ ಈವೆಂಟ್) ಹಿಡಿದು ಸೇವ್ ಮಾಡುತ್ತಿದ್ದರೆ ಬಿಟ್ಟುಬಿಡಿ. ಆಂಡ್ರಾಯ್ಡ್ ಕೀಬೋರ್ಡ್‌ಗಳಲ್ಲಿ ಬಹಳ ಸಲ ಯಾವ ಕೀ ಒತ್ತಿದರೂ 229 ಅಂತ ಒಂದೇ ನಂಬರ್ ಬರುತ್ತದೆ. ದನಿಯಲ್ಲಿ ಹೇಳಿ ಬರೆಸುವವರು, ಪೇಸ್ಟ್ ಮಾಡುವವರು ಕೀ ಒತ್ತುವುದೇ ಇಲ್ಲ. ಬಾಕ್ಸ್‌ನಲ್ಲಿ ಬರಹ ಬದಲಾದಾಗ ಬರುವ ಇನ್‌ಪುಟ್ ಈವೆಂಟ್ ಹಿಡಿಯಿರಿ.

ಒಂದು ಬಗ್ ಕಥೆ ಹೇಳುತ್ತೇನೆ, ನಮ್ಮ ಹಿಂದಿನ ಪ್ರಾಜೆಕ್ಟ್‌ನದು. ಸೇವ್ ಆದ ಮೇಲೆ ಸರ್ವರ್ ಡ್ರಾಫ್ಟ್ ಅನ್ನು ವಾಪಸ್ ಕಳಿಸುತ್ತಿತ್ತು, ನಾವು ಅದನ್ನೇ ಮತ್ತೆ ಬಾಕ್ಸ್‌ಗೆ ತುಂಬುತ್ತಿದ್ದೆವು. ಎಲ್ಲ ಸರಿ ಇತ್ತು. ಆದರೆ ಜನ 'ನಮ್ಮ ತಂದೆಕೂಲಿ ಕೆಲಸ', 'ತಿಂಗಳಿಗೆಒಂಬತ್ತು ಸಾವಿರ' ಅಂತ ಬರೆದು ಕಳಿಸುತ್ತಿದ್ದರು. ಅಲ್ಲೊಂದು ಇಲ್ಲೊಂದು ಪದ ಅಂಟಿಕೊಂಡಿರುತ್ತಿತ್ತು. ಟೈಪಿಂಗ್ ಬರುವುದಿಲ್ಲ ಪಾಪ ಅಂದುಕೊಂಡೆವು. ಆಮೇಲೆ ಒಬ್ಬರ ಪಕ್ಕ ಕೂತು ನೋಡಿದೆ. 'ನಮ್ಮ ತಂದೆ' ಅಂತ ಬರೆದು, ಸ್ಪೇಸ್ ಒತ್ತಿ, ಮುಂದೇನು ಅಂತ ಎರಡು ಸೆಕೆಂಡ್ ಯೋಚಿಸಿದರು. ಅಷ್ಟರಲ್ಲಿ ಆಟೋಸೇವ್. ಸರ್ವರ್ ಕೊನೆಯ ಸ್ಪೇಸ್ ಕತ್ತರಿಸಿ ವಾಪಸ್ ಕಳಿಸಿತು. ಅವರು ಒತ್ತಿದ ಸ್ಪೇಸ್ ಮಾಯ. ಯಾರು ಹೆಚ್ಚು ಯೋಚಿಸಿ ಬರೆದರೋ ಅವರ ಪದಗಳೇ ಹೆಚ್ಚು ಅಂಟಿದ್ದವು.

ಅದೇ ಸರ್ವರ್ 'ಕಾಣದ ಅಕ್ಷರ'ಗಳನ್ನೂ ತೆಗೆಯುತ್ತಿತ್ತು, ಸುರಕ್ಷತೆಗೆ ಅಂತ. ಕನ್ನಡಕ್ಕೆ ಒಂದು ಕಾಣದ ಅಕ್ಷರ ಬೇಕೇ ಬೇಕು. ಅದು ಇದ್ದರೆ 'ಪಾಸ್‌ಬುಕ್', ತೆಗೆದರೆ 'ಪಾಸ್ಬುಕ್'. ಹೆಸರುಗಳಲ್ಲಿ ಹೀಗಾದರೆ ದಾಖಲೆ ಜತೆ ತಾಳೆಯಾಗುವುದಿಲ್ಲ. ಸೇವ್ ಮಾಡಿದ್ದು ಬರೆದದ್ದರ ನಕಲು ಆಗಿರಬೇಕು. ತಿದ್ದುವುದು, ಕತ್ತರಿಸುವುದು ಎಲ್ಲ ಸಲ್ಲಿಸುವಾಗ. ಮತ್ತು ಬರೆಯುತ್ತಿರುವ ಬಾಕ್ಸ್‌ಗೆ ಸರ್ವರ್ ಕೈ ಹಾಕಬಾರದು. ಒತ್ತಕ್ಷರ ಅರ್ಧ ಆಗಿರುವಾಗ ಬಾಕ್ಸ್ ಬದಲಾದರೆ 'ಕ್' ಮಾತ್ರ ಉಳಿದು ಕರ್ಸರ್ ಕೊನೆಗೆ ಹಾರುತ್ತದೆ.


ಬಗ್_ಹಿಡಿಯೋಳು | ಬುಧವಾರ, ಬೆಳಿಗ್ಗೆ 10.05

ಕನ್ನಡತಿ ಮೇಡಂ, ಆ ಸ್ಪೇಸ್ ಬಗ್ ನನ್ನ ಟೆಸ್ಟ್ ಪಟ್ಟಿಗೆ ಸೇರಿತು. ಥ್ಯಾಂಕ್ಸ್.

ರೀಲೋಡ್ ಅವರೇ, ನನಗೆ ಬೇರೆಯೇ ಒಂದು ಅನುಮಾನ. ಓಟಿಪಿ ನಾಲ್ಕನೇ ಪುಟದಲ್ಲಿ ಯಾಕಿದೆ?


ರಾಜಾಜಿನಗರ_ರೀಲೋಡ್ | ಬುಧವಾರ, ಬೆಳಿಗ್ಗೆ 10.20

ಕಾಗದದ ಅರ್ಜಿಯಲ್ಲಿ ಮೊಬೈಲ್ ನಂಬರ್ ಬ್ಯಾಂಕ್ ವಿವರದ ಕೆಳಗೆ ಇತ್ತು. ನಾವೂ ಅಲ್ಲೇ ಇಟ್ಟೆವು. ಬೇರೆ ಕಾರಣ ಇಲ್ಲ.


ಬಗ್_ಹಿಡಿಯೋಳು | ಬುಧವಾರ, ಬೆಳಿಗ್ಗೆ 10.48

ಹಾಗಾದರೆ ಅದನ್ನು ಮೊದಲನೇ ಪುಟಕ್ಕೆ ತನ್ನಿ. ಎಲ್ಲಕ್ಕಿಂತ ಮೊದಲು ಮೊಬೈಲ್ ನಂಬರ್, ಓಟಿಪಿ, ಆಮೇಲೆ ಅರ್ಜಿ.

ಆ ಹುಡುಗಿ ಮೆಸೇಜ್ ನೋಡಲು ಹೋದಾಗ ಅರ್ಧ ಗಂಟೆಯ ಬರಹ ಹಿಂದೆ ಇತ್ತು. ಮೊದಲೇ ಓಟಿಪಿ ಮುಗಿಸಿದ್ದರೆ, ಟ್ಯಾಬ್ ಸತ್ತರೂ ಹೋಗುವುದು ಹತ್ತು ಅಂಕಿ ಮಾತ್ರ. ಎರಡನೆಯದು ಇನ್ನೂ ಮುಖ್ಯ. ಮೊದಲೇ ನಂಬರ್ ಗೊತ್ತಾದರೆ ಡ್ರಾಫ್ಟ್ ಯಾರದು ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಿತು. ಈಗ ನಿಮ್ಮದು ಮೂರು ಪುಟ ಅನಾಮಧೇಯ. ಅದಕ್ಕೇ ಬ್ರೌಸರ್‌ನಲ್ಲಿ ಇಡಬೇಕಾಯಿತು, ಅದಕ್ಕೇ ಒಬ್ಬರದು ಇನ್ನೊಬ್ಬರಿಗೆ ಹೋಯಿತು. ಸೈಬರ್ ಅಣ್ಣನ ಅಂಗಡಿಯಲ್ಲಿ ಕರೆಂಟ್ ಹೋದರೂ ಮನೆಗೆ ಹೋಗಿ ಫೋನಿನಲ್ಲಿ ಅದೇ ನಂಬರ್ ಹಾಕಿದರೆ ಬರೆದದ್ದು ಸಿಗುತ್ತದೆ. ಬ್ರೌಸರ್‌ನಲ್ಲಿ ಇಡುವುದು ಸರ್ವರ್‌ಗೆ ತಲುಪದ ಕೊನೆಯ ಕೆಲವು ಸೆಕೆಂಡ್‌ನಷ್ಟು ಮಾತ್ರ, ಅದೂ ಸೆಷನ್‌ಸ್ಟೋರೇಜ್‌ನಲ್ಲಿ, ಸರ್ವರ್ ಹೌದು ಅಂದ ಕೂಡಲೇ ಅಳಿಸಿ.

ಓಟಿಪಿ ಕಾಲಂಗೆ ಆಟೋಕಂಪ್ಲೀಟ್ ಅನ್ನು ಒನ್-ಟೈಮ್-ಕೋಡ್ ಅಂತ ಕೊಡಿ. ಐಫೋನ್ ಕೀಬೋರ್ಡ್ ಮೇಲೆಯೇ ಕೋಡ್ ತೋರಿಸುತ್ತದೆ, ಮೆಸೇಜ್‌ಗೆ ಹೋಗುವುದೇ ಬೇಡ.


ಫಿಲ್ಟರ್‌ಕಾಫಿ_ಫ್ರಂಟೆಂಡ್ | ಬುಧವಾರ, ಬೆಳಿಗ್ಗೆ 11.15

ನಾನು ಮೂರು ದಿನದಿಂದ ಸ್ಟೋರೇಜ್ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ. ಇವರು ಒಂದು ಪುಟ ಹಿಂದೆ ಮುಂದೆ ಮಾಡಿ ಮುಗಿಸಿದರು.

ಸರ್ವರ್‌ನಲ್ಲಿಡಲು ಇನ್ನೊಂದು ಕಾರಣ ಸೇರಿಸಿಕೊಳ್ಳಿ. ಸಫಾರಿಯಲ್ಲಿ 2020ರಿಂದ, ಬ್ರೌಸರ್ ಬಳಸುತ್ತಿದ್ದು ನಿಮ್ಮ ಸೈಟ್‌ಗೆ ಮಾತ್ರ 7 ದಿನ ಕೈ ತಾಕಿಸದಿದ್ದರೆ, ಸ್ಕ್ರಿಪ್ಟ್ ಬರೆದಿಟ್ಟದ್ದನ್ನೆಲ್ಲ ಅದು ಅಳಿಸುತ್ತದೆ. ಆದಾಯ ಪ್ರಮಾಣಪತ್ರಕ್ಕೆ ಕಾಯುತ್ತಾ ಎರಡು ವಾರ ಬಿಟ್ಟು ಬಂದವರಿಗೆ ಲೋಕಲ್‌ಸ್ಟೋರೇಜ್‌ನಲ್ಲಿ ಏನೂ ಇರುವುದಿಲ್ಲ.


ಹಳೇ_ಸರ್ವರ್ | ಬುಧವಾರ, ಮಧ್ಯಾಹ್ನ 3.00

ಸರ್ವರ್‌ನಲ್ಲಿಡಿ ಅಂತ ಎಲ್ಲರೂ ಹೇಳಿದಿರಿ. ಒಂದು ಮಾತು ಯಾರೂ ಹೇಳಲಿಲ್ಲ. ಆ ಹುಡುಗಿ ಇನ್ನೂ 'ಸಲ್ಲಿಸಿ' ಒತ್ತಿಲ್ಲ. ಬರೆದು ಅಳಿಸಿದ ಸಾಲೂ ನಿಮ್ಮ ಹತ್ತಿರ ಬಂದುಬಿಡುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರುವ ದೇಶದಲ್ಲಿ ಇದನ್ನು ಸುಮ್ನೆ ಮಾಡಬೇಡಿ. 'ನೀವು ಬರೆಯುತ್ತಿದ್ದಂತೆ ಇದು ಉಳಿಯುತ್ತಾ ಹೋಗುತ್ತದೆ, ಇಂಥ ದಿನ ಅಳಿಸುತ್ತೇವೆ' ಅಂತ ಅರ್ಜಿಯ ತಲೆಯ ಮೇಲೆಯೇ ಹಾಕಿ. ಹೇಳಿದ ದಿನ ನಿಜವಾಗಿಯೂ ಅಳಿಸಿ.

ಆಧಾರ್‌ನ 12 ಅಂಕಿ, ಖಾತೆ ನಂಬರ್, ಓಟಿಪಿ ಡ್ರಾಫ್ಟ್‌ಗೆ ಹೋಗಲೇಬಾರದು. ಮತ್ತೆ ಟೈಪ್ ಮಾಡಲಿ, ಏನಾಗುವುದಿಲ್ಲ. ಯಾವುದನ್ನು ಬಿಡಬೇಕು ಅಂತ ಪಟ್ಟಿ ಮಾಡಬೇಡಿ, ಯಾವುದನ್ನು ಉಳಿಸಬೇಕು ಅಂತ ಮಾಡಿ. ನಾಳೆ ಸೇರುವ ಹೊಸ ಕಾಲಂ ಮರೆತುಹೋದರೆ ಅದು ಉಳಿಯದೇ ಇರಲಿ. ಸರ್ವರ್ ಲಾಗ್‌ನಲ್ಲಿ ಇಡೀ ರಿಕ್ವೆಸ್ಟ್ ಬರೆಯುವ ಅಭ್ಯಾಸ ಇದೆಯಾ ಅಂತಲೂ ನೋಡಿ. ಡ್ರಾಫ್ಟ್ ಅಳಿಸಿದರೂ ಲಾಗ್‌ನಲ್ಲಿ ಕೂತಿರುತ್ತದೆ.


ಸುಮ್ನೆ_ಕೇಳ್ದೆ | ಬುಧವಾರ, ಸಂಜೆ 5.40

ಬ್ರೌಸರ್‌ನಲ್ಲೇ ಎನ್‌ಕ್ರಿಪ್ಟ್ ಮಾಡಿ ಇಟ್ಟರೆ?


ಹಳೇ_ಸರ್ವರ್ | ಬುಧವಾರ, ಸಂಜೆ 5.44

ಕೀಲಿ ಎಲ್ಲಿಡುತ್ತೀರಿ? ಅದೇ ಪುಟದಲ್ಲಿ. ಬೀಗ ಹಾಕಿ ಬೀಗದಕೈಯನ್ನು ಅಲ್ಲೇ ಮೊಳೆಗೆ ನೇತುಹಾಕಿದ ಹಾಗೆ.


ಕೀಲಿಮಣೆ_ಕನ್ನಡತಿ | ಬುಧವಾರ, ರಾತ್ರಿ 8.30

ಪರದೆ ಮೇಲೆ ಏನು ಬರೆಯುತ್ತೀರಿ ಅನ್ನೋದನ್ನು ಕೊನೆಗೆ ಬಿಡಬೇಡಿ. ನಾವು ಮೊದಲು 'ಉಳಿಸಲಾಗಿದೆ' ಅಂತ ಹಾಕಿದ್ದೆವು, ಪಕ್ಕದಲ್ಲಿ ಹಸಿರು ಟಿಕ್. ಜನ ಅದನ್ನು ನೋಡಿ ಅರ್ಜಿ ಹೋಯಿತು ಅಂತ ಎದ್ದು ಹೋದರು. ಆಟೋಸೇವ್ ಇಲ್ಲದಾಗ ಬರವಣಿಗೆ ಹೋಗುತ್ತಿತ್ತು, ಬಂದ ಮೇಲೆ ಅರ್ಜಿಯೇ ಹೋಯಿತು.

'ಕರಡು ಉಳಿದಿದೆ' ಅಂತ ಬದಲಿಸಿದೆವು. ಕರಡು ಅಂದರೇನು ಅಂತ ಫೋನ್ ಬಂತು. 'ಡ್ರಾಫ್ಟ್' ಕೆಲವರಿಗೆ ಡಿಮ್ಯಾಂಡ್ ಡ್ರಾಫ್ಟ್! ಕೊನೆಗೆ ನಿಂತದ್ದು: 'ಬರೆದದ್ದು ಸೇವ್ ಆಗಿದೆ (6.42). ಅರ್ಜಿ ಇನ್ನೂ ಕಳಿಸಿಲ್ಲ.' ಹಸಿರು ತೆಗೆದು ಬೂದು ಬಣ್ಣ ಹಾಕಿದೆವು. ಹಸಿರು ಕಳಿಸಿದ ಮೇಲೆ ಮಾತ್ರ. ಸೇವ್ ಆಗದಿದ್ದರೂ ಹೇಳಬೇಕು, 'ನೆಟ್ ಇಲ್ಲ, ಬರೆದದ್ದು ಸದ್ಯ ಈ ಫೋನಿನಲ್ಲಿದೆ, ಪುಟ ಮುಚ್ಚಬೇಡಿ' ಅಂತ.

ಸ್ಕ್ರೀನ್ ರೀಡರ್ ಬಳಸುವವರಿಗೆ ಪ್ರತಿ ಎರಡು ಸೆಕೆಂಡಿಗೆ 'ಸೇವ್ ಆಗಿದೆ, ಸೇವ್ ಆಗಿದೆ' ಅಂತ ಕಿವಿಯಲ್ಲಿ ಕೂಗಬೇಡಿ. ಮೊದಲ ಸಲ ಹೇಳಿ, ತಪ್ಪಿದಾಗ ಹೇಳಿ. ಸಾಕು.


ರಾಜಾಜಿನಗರ_ರೀಲೋಡ್ | ಮೂರು ವಾರದ ನಂತರ, ಭಾನುವಾರ, ಬೆಳಿಗ್ಗೆ 9.30

ಮಾಡಿದ್ದನ್ನು ಹೇಳಿಬಿಡುತ್ತೇನೆ. ಓಟಿಪಿ ಮೊದಲನೇ ಪುಟಕ್ಕೆ ಬಂತು. ಡ್ರಾಫ್ಟ್ ಸರ್ವರ್‌ನಲ್ಲಿ, ಮೊಬೈಲ್ ನಂಬರ್‌ಗೆ ಕಟ್ಟಿ. ಬೆರಳು ನಿಂತ ಎರಡು ಸೆಕೆಂಡಿಗೆ, ಪುಟ ಮರೆಯಾದಾಗ ಕೂಡಲೇ. ವರ್ಷನ್ ನಂಬರ್ ಹಾಕಿದೆ. ಹಳೇ ಲೋಕಲ್‌ಸ್ಟೋರೇಜ್ ಡ್ರಾಫ್ಟ್‌ಗಳನ್ನು ಅಳಿಸುವ ಕೋಡ್ ಅನ್ನೂ ಹಾಕಿದೆ, ಇಲ್ಲದಿದ್ದರೆ ಸೈಬರ್‌ಗಳಲ್ಲಿ ಅವು ಹಾಗೇ ಬಿದ್ದಿರುತ್ತಿದ್ದವು. ಆಧಾರ್, ಬ್ಯಾಂಕ್ ಕಾಲಂ ಸೇವ್ ಆಗುವುದಿಲ್ಲ. ಕೊನೇ ದಿನಾಂಕ ಮುಗಿದು 30 ದಿನಕ್ಕೆ ಡ್ರಾಫ್ಟ್ ಅಳಿಸುತ್ತದೆ. ಕನ್ನಡತಿ ಮೇಡಂ ಬರೆದ ವಾಕ್ಯವನ್ನೇ ಎತ್ತಿಕೊಂಡಿದ್ದೇನೆ, ಕೇಳದೆ. ಕ್ಷಮೆ ಇರಲಿ.

ಪಕ್ಕದ ಮನೆ ಹುಡುಗಿಯ ಫೋನ್ ಇಸ್ಕೊಂಡು ಟೆಸ್ಟ್ ಮಾಡಿದೆ. ಮಧ್ಯದಲ್ಲಿ ಕ್ಯಾಮೆರಾ ತೆರೆದು ಹತ್ತು ಫೋಟೋ ತೆಗೆದೆ. ಟ್ಯಾಬ್ ಸತ್ತಿತು. ವಾಪಸ್ ಬಂದಾಗ ಅದೇ ಪುಟ, ಬರೆದದ್ದೆಲ್ಲ ಇತ್ತು. ಅವಳು ಆವತ್ತೇ ಎರಡನೇ ಸಲ ಕೂತು ಬರೆದು ಕಳಿಸಿಯಾಗಿದೆ. "ಮೊದಲು ಬರೆದದ್ದೇ ಚೆನ್ನಾಗಿತ್ತು ಅಣ್ಣಾ" ಅಂತಾಳೆ.


ಸೈಬರ್_ಅಣ್ಣ | ಭಾನುವಾರ, ಮಧ್ಯಾಹ್ನ 12.15

ನಿಮ್ಮ ಹೊಸ ಅರ್ಜಿ ನಿನ್ನೆ ನನ್ನ ಅಂಗಡಿಗೇ ಬಂತು. ಚೆನ್ನಾಗಿದೆ. ಕರೆಂಟ್ ಹೋಗಿ ಬಂತು, ಏನೂ ಹೋಗಿಲ್ಲ. ಚೀಟಿ ಅಂಟಿಸುವುದು ಕಮ್ಮಿಯಾಗಿದೆ.

ಆದರೆ ಒಂದು ಮನೆಯಿಂದ ಅಕ್ಕ ತಂಗಿ ಇಬ್ಬರು ಬಂದಿದ್ದರು. ಮನೆಗೆಲ್ಲ ಒಂದೇ ಫೋನು, ಅವರ ಅಪ್ಪನದು. ಅಕ್ಕನದು ಅರ್ಧ ತುಂಬಿ ಆರ್‌ಡಿ ನಂಬರ್‌ಗೆ ನಿಂತಿತ್ತು. ಅಷ್ಟರಲ್ಲಿ ತಂಗಿಯದು ಮಾಡೋಣ ಅಂತ ಅದೇ ನಂಬರ್ ಹಾಕಿದೆ. ಅಕ್ಕನ ಹೆಸರು, ಅಕ್ಕನ ಕಾಲೇಜು ಬಂದು ಕೂತಿತು. ಈ ಸಲ ನಾನು ಓದಿದ್ದರಿಂದ ಬಚಾವ್.


ರಾಜಾಜಿನಗರ_ರೀಲೋಡ್ | ಭಾನುವಾರ, ಮಧ್ಯಾಹ್ನ 12.22

ಅಯ್ಯೋ.


ಬಗ್_ಹಿಡಿಯೋಳು | ಭಾನುವಾರ, ಮಧ್ಯಾಹ್ನ 12.40

ಇದು ನನ್ನ ತಪ್ಪೂ ಹೌದು. ನಂಬರ್ ಒಂದು, ಮನುಷ್ಯ ಒಬ್ಬ ಅಂದುಕೊಂಡೆ. ನಮ್ಮ ಮನೆಯಲ್ಲೂ ಹತ್ತನೇ ಕ್ಲಾಸಿನವರೆಗೆ ಎಲ್ಲ ಅರ್ಜಿಗೂ ಅಮ್ಮನ ನಂಬರೇ ಇತ್ತು.

ಓಟಿಪಿ ಆದ ಮೇಲೆ ನೇರ ಡ್ರಾಫ್ಟ್ ತೆರೆಯಬೇಡಿ. ಆ ನಂಬರಿನಲ್ಲಿ ಇರುವ ಅರ್ಜಿಗಳನ್ನು ಸಾಲಾಗಿ ತೋರಿಸಿ. ವಿದ್ಯಾರ್ಥಿಯ ಹೆಸರು ದೊಡ್ಡದಾಗಿ, ಯಾವಾಗ ಬರೆದದ್ದು, ಎಷ್ಟನೇ ಪುಟದಲ್ಲಿ ನಿಂತಿದೆ. ಕೆಳಗೆ 'ಹೊಸ ಅರ್ಜಿ'. ಒಂದೇ ಡ್ರಾಫ್ಟ್ ಇದ್ದರೂ ಪಟ್ಟಿಯನ್ನೇ ತೋರಿಸಿ. ಹೌದು, ಇಲ್ಲ ಅಂತ ಕೇಳಿದರೆ ತಾನೇ ಓದದೆ ಒತ್ತುವುದು? ಹೆಸರು ಒತ್ತಬೇಕಾದರೆ ಹೆಸರು ಓದಲೇಬೇಕು.


ಸೈಬರ್_ಅಣ್ಣ | ಭಾನುವಾರ, ಮಧ್ಯಾಹ್ನ 12.55

ಹಾಗೇ ಮಾಡಿ. 'ಹೊಸ ಅರ್ಜಿ' ಬಟನ್ ಮಾತ್ರ ಹಸಿರು ಮಾಡಬೇಡಿ.